ಬ್ರೇಕ್ ಲಿವರ್: ‘ಉದ್ದ’, ‘ಗಿಡ್ಡ’ ಎನ್ನಬಹುದೇ?

ಪ್ರಶ್ನೆ:
ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಸೈಕಲ್ ರಿಪೇರಿಯ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಹ್ಯಾಂಡಲ್, ಬ್ರೇಕ್, ಲಿವರ್ ಎಂಬ ಮಾತುಗಳು ಇಲ್ಲಿ ಕನ್ನಡ, ತುಳು, ಮಲಯಾಳ ಮೂರರಲ್ಲೂ ನಡೆಯುವುದರಿಂದ ಹಾಗೆಯೇ ಇಟ್ಟಿದ್ದೇವೆ. ತೊಡಕಾಗಿರುವುದು ಎರಡು ಕಡೆ. ವಿ-ಬ್ರೇಕಿನ (ಚಕ್ರದ ಎರಡು ಬದಿಗೂ ಬೇರೆಬೇರೆ ತೋಳಿರುವುದು) ಲಿವರ್ ಬೇರೆ, ಕ್ಯಾಲಿಪರ್ ಬ್ರೇಕಿನ (ಚಕ್ರದ ಮೇಲೆ ಒಂದೇ ಬೋಲ್ಟಿಗೆ ಕೂರುವ ಇಕ್ಕಳದಂಥದ್ದು) ಲಿವರ್ ಬೇರೆಯಲ್ಲವೇ, ಅವನ್ನು ‘ಉದ್ದ ಲಿವರ್’, ‘ಗಿಡ್ಡ ಲಿವರ್’ ಎಂದು ಬರೆಯಬಹುದೇ? ‘ಹ್ಯಾಂಡಲ್ ಅಳತೆ’ ಎಂದರೆ ಯಾವ ಅಳತೆಯೆಂದು ತಿಳಿದೀತೇ? ಬಲ್ಲವರು ತಿಳಿಸಿ.

ಉತ್ತರ:
‘ಉದ್ದ ಲಿವರ್’ ಖಂಡಿತ ಬೇಡ. ಓದಿದವರು ಬೆರಳಿಡುವ ಪಟ್ಟಿಯ ಉದ್ದವನ್ನೇ ನೋಡುತ್ತಾರೆ. ಎರಡು ಬೆರಳಿನ ಲಿವರೋ ನಾಲ್ಕು ಬೆರಳಿನದೋ ಎಂದು ಆರಿಸಿ ತರುತ್ತಾರೆ. ಇಲ್ಲಿ ಮುಖ್ಯವಾದದ್ದು ಲಿವರ್ ತಿರುಗುವ ಪಿನ್ನಿಗೂ ವೈರಿನ ತಲೆ (ತುದಿಯ ಗುಂಡು) ಕೂರುವ ಗುಳಿಗೂ ಇರುವ ಅಂತರ. ಅದು ಹೆಚ್ಚಿದ್ದರೆ ಒಂದೇ ಒತ್ತಿಗೆ ವೈರು ಹೆಚ್ಚು ಸರಿಯುತ್ತದೆ, ಆದರೆ ಎಳೆಯುವ ಬಲ ಕಡಿಮೆ. ಬರೀ ‘ಎಳೆತ’ ಎಂದರೆ ಬಲವೆಂಬ ಅರ್ಥವೂ ಬಂದು ತಿರುಗುಮುರುಗಾಗುತ್ತದೆ. ‘ಹೆಚ್ಚು ವೈರೆಳೆತದ ಲಿವರ್’, ‘ಕಡಿಮೆ ವೈರೆಳೆತದ ಲಿವರ್’ ಎನ್ನಿ.

ಹೆಸರು ತಪ್ಪಿದರೆ ಬ್ರೇಕೇ ತಪ್ಪುತ್ತದೆ. ವಿ-ಬ್ರೇಕಿನ ತೋಳುಗಳು ಉದ್ದ, ಅದಕ್ಕೆ ಹೆಚ್ಚು ವೈರೆಳೆತ ಬೇಕು. ಕಡಿಮೆ ವೈರೆಳೆತದ ಲಿವರ್ ಹಾಕಿದರೆ ರಬ್ಬರ್ ರಿಮ್ಮನ್ನು ಸರಿಯಾಗಿ ಒತ್ತುವ ಮೊದಲೇ ಲಿವರ್ ಹ್ಯಾಂಡಲಿಗೆ ತಾಗುತ್ತದೆ. ಹಾಗಾಗಬಾರದೆಂದು ರಬ್ಬರನ್ನು ರಿಮ್ಮಿಗೆ ತೀರಾ ಹತ್ತಿರ ಕೂರಿಸಿದರೆ, ಚಕ್ರ ಸ್ವಲ್ಪ ಓಲಿದರೂ ಉಜ್ಜುತ್ತದೆ. ಕ್ಯಾಲಿಪರ್ ಬ್ರೇಕಿಗೆ ಹೆಚ್ಚು ವೈರೆಳೆತದ್ದನ್ನು ಹಾಕಿದಾಗ ಆಗುವ ಅಪಾಯ ಬೇಗ ಗೊತ್ತಾಗುವುದಿಲ್ಲ: ಒತ್ತಿದಾಗ ಗಟ್ಟಿಯಾಗಿ ಚೆನ್ನಾಗಿಯೇ ಅನ್ನಿಸುತ್ತದೆ, ಗುಡ್ಡದ ಇಳಿಜಾರಿನಲ್ಲಿ ಮಾತ್ರ ಸೈಕಲ್ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ನೆನೆದರೆ ಇನ್ನೂ ಕಷ್ಟ. ಈ ಮಾತು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿರಲಿ. ಕೆಲವು ಲಿವರ್‌ಗಳಲ್ಲಿ ಗುಳಿಯ ಜಾಗ ಬದಲಿಸಬಹುದು. ಅಂಥವುಗಳಲ್ಲಿ ‘ವಿ’ ಎಂದು ಗುರುತಿರುವ ಜಾಗ ವಿ-ಬ್ರೇಕಿಗೆ.

‘ಹ್ಯಾಂಡಲ್ ಅಳತೆ’ ಎಂದಷ್ಟೇ ಬರೆದರೆ ಸಾಲದು. ಅಗಲ, ನಡುದಪ್ಪ, ಹಿಡಿದಪ್ಪ ಎಂದು ಮೂರು ಮಾಡಿ. ನಡುದಪ್ಪ ಎಂದರೆ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ತುಂಡು) ಕಚ್ಚುವ ಜಾಗದ್ದು: ಸಾಮಾನ್ಯವಾಗಿ 25.4, 26.0 ಅಥವಾ 31.8 ಮಿ.ಮೀ. ಮೊದಲೆರಡು ಕಣ್ಣಿಗೆ ಒಂದೇ, ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದೇ ಅಳೆಯಬೇಕು. 26.0ರ ಸ್ಟೆಮ್ಮಿಗೆ 25.4ರದ್ದನ್ನು ಹಾಕಿ ಬೋಲ್ಟ್ ಬಿಗಿದರೆ ಕೂತಂತೆಯೇ ಕಾಣುತ್ತದೆ. ಜೋರಾಗಿ ಬ್ರೇಕ್ ಹಿಡಿದು ಮೈಭಾರ ಮುಂದೆ ಬಿದ್ದಾಗ ಹ್ಯಾಂಡಲೇ ತಿರುಗುತ್ತದೆ. ಹಿಡಿದಪ್ಪ ಎಂದರೆ ಗ್ರಿಪ್, ಲಿವರ್ ಕೂರುವಲ್ಲಿನದು: ನೇರ ಹ್ಯಾಂಡಲಿನಲ್ಲಿ 22.2, ಕೆಳಗೆ ಸುರುಳುವ ರೇಸ್ ಹ್ಯಾಂಡಲಿನಲ್ಲಿ 23.8. ಅದಕ್ಕೇ ಒಂದರ ಲಿವರ್ ಇನ್ನೊಂದಕ್ಕೆ ಆಗುವುದಿಲ್ಲ. ಈ ಎರಡನೆಯದಕ್ಕೆ ‘ಟಗರುಕೊಂಬಿನ ಹ್ಯಾಂಡಲ್’ ಎಂಬುದು ನನ್ನ ಸಲಹೆ, ಚಿತ್ರ ನೋಡದೆಯೂ ಮಕ್ಕಳಿಗೆ ಅರ್ಥವಾದೀತು.

ವೈರಿನ ತಲೆಯೂ ಎರಡು ಬಗೆ. ನೇರ ಹ್ಯಾಂಡಲಿನ ಲಿವರಿಗೆ ಪೀಪಾಯಿ ಆಕಾರದ್ದು, ರೇಸ್ ಲಿವರಿಗೆ ಪೇರಳೆ ಆಕಾರದ್ದು. ಎರಡೂ ತುದಿಯಲ್ಲಿ ಒಂದೊಂದು ತಲೆಯಿರುವ ವೈರು ಸಿಕ್ಕಿದರೆ ಬೇಡವಾದ ತಲೆಯನ್ನು ಕತ್ತರಿಸಬೇಕು.

ಹಳೆಯ ರಾಡ್ ಬ್ರೇಕಿನ ಸೈಕಲ್ಲಿಗೆ ಇದೊಂದೂ ಅನ್ವಯಿಸದು. ಅಲ್ಲಿ ವೈರೇ ಇಲ್ಲ, ಲಿವರ್ ಹ್ಯಾಂಡಲಿಗೇ ಸೇರಿಕೊಂಡಿರುತ್ತದೆ. ಅದನ್ನು ಬೇರೆ ಪಾಠ ಮಾಡಿ.