ಓಟವೂ ಬೇಕು, ಪುಲ್ ಅಪ್ಪೂ ಬೇಕು: ಫಿಸಿಕಲ್ ಟೆಸ್ಟ್ ಬಗ್ಗೆ ಮಾಷ್ಟ್ರಿಗೆ ಕೇಳಿ

ಅಡ್ಮಿನ್: ನಮ್ಮ ಗುಂಪಿನಲ್ಲಿರುವ ಕ್ರೀಡಾ ತರಬೇತುದಾರರು, ನಾವೆಲ್ಲ ಮಾಷ್ಟ್ರು ಅಂತಲೇ ಕರೆಯುವವರು, ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಊರು, ತೂಕ, ಈಗ ಎಷ್ಟು ಮಾಡುತ್ತೀರಿ ಅಂತ ಬರೆಯಿರಿ. ಸುಮ್ನೆ "ಬಾಡಿ ಮಾಡುವುದು ಹೇಗೆ" ಅಂತ ಒಂದು ಸಾಲು ಹಾಕಿದರೆ ಅಳಿಸುತ್ತೇನೆ.

ಪ್ರಶ್ನೆ (ನೀರ್ಚಾಲಿನಿಂದ): ಮಾಷ್ಟ್ರೇ, ಕೇರಳ ಪಿಎಸ್‌ಸಿ ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ ತಯಾರಾಗುತ್ತಿದ್ದೇನೆ. ಎಂಟು ಐಟಂನಲ್ಲಿ ಐದು ಪಾಸಾಗಬೇಕು. 100 ಮೀಟರ್, ಹೈಜಂಪ್, ಲಾಂಗ್ ಜಂಪ್ ಹೇಗೋ ಆಗುತ್ತದೆ. ಶಾಟ್‌ಪುಟ್, ಚೆಂಡೆಸೆತ, ಹಗ್ಗ ಹತ್ತುವುದು ನನ್ನಿಂದ ಆಗುವಂಥದ್ದಲ್ಲ. ಉಳಿದದ್ದು 1500 ಮೀಟರ್ ಮತ್ತು ಪುಲ್ ಅಪ್. ಓಟಕ್ಕೆ ಬೇಕಾದದ್ದು 5 ನಿಮಿಷ 44 ಸೆಕೆಂಡ್, ನನ್ನದು ಆರೂಕಾಲು ನಿಮಿಷ. ಪುಲ್ ಅಪ್ ಎಂಟು ಬೇಕು, ನನಗೆ ನಾಲ್ಕಕ್ಕೆ ಕೈ ಸೋಲುತ್ತದೆ. ದಿನಾ ಬೆಳಗ್ಗೆ ಶಾಲೆ ಮೈದಾನದಲ್ಲಿ 1500 ಪೂರ್ತಿ ಜೋರಾಗಿ ಓಡಿ, ಕೂಡಲೇ ಬಾರ್‌ಗೆ ನೇತುಬಿದ್ದು ಆಗುವಷ್ಟು ಮಾಡುತ್ತೇನೆ. ಎರಡು ತಿಂಗಳಾಯಿತು, ಎರಡೂ ಇದ್ದಲ್ಲೇ ಇದೆ. ತೂಕ 62. ಇನ್ನೂ ಜಾಸ್ತಿ ಮಾಡಬೇಕಾ?

ಉತ್ತರ: ಜಾಸ್ತಿ ಬೇಡ ಮಾರಾಯ್ರೇ. ದಿನಾ ಪರೀಕ್ಷೆ ಬರೆಯುತ್ತಾ ಕೂತರೆ ಪಾಠ ಓದುವುದು ಯಾವಾಗ? ನೀವು ಮಾಡುತ್ತಿರುವುದು ಅದೇ.

ಮೊದಲು ಓಟದ ಲೆಕ್ಕ ನೋಡೋಣ. 5 ನಿಮಿಷ 44 ಅಂದರೆ 344 ಸೆಕೆಂಡ್. 400 ಮೀಟರಿಗೆ ಹೆಚ್ಚುಕಡಿಮೆ 92, 200ಕ್ಕೆ 46. ನೀವೀಗ 400ಕ್ಕೆ 100 ತೆಗೆದುಕೊಳ್ಳುತ್ತಿದ್ದೀರಿ. ಇಳಿಸಬೇಕಾದದ್ದು ಎಂಟೇ ಸೆಕೆಂಡ್, ಆದರೆ ಅದು ಹಲ್ಲು ಕಚ್ಚಿ ಓಡಿದರೆ ಇಳಿಯುವುದಿಲ್ಲ. ಇಷ್ಟು ಹೊತ್ತಿನ ಓಟದಲ್ಲಿ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಬರುವುದು ಆಮ್ಲಜನಕದಿಂದ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಕಾಲಿನ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಎಷ್ಟು ಇವೆ, ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಎಷ್ಟು, ಇವೆಲ್ಲ ನಿಧಾನ ಓಟದಲ್ಲೂ ಚೆನ್ನಾಗಿ ಬೆಳೆಯುತ್ತವೆ. ಜೋರು ಓಟವೂ ಬೇಕು, ಆದರೆ ದಿನಾ ಮಾಡಿದರೆ ಮೈ ಚೇತರಿಸಿಕೊಳ್ಳುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ಜಗತ್ತಿನ ದೊಡ್ಡ ದೊಡ್ಡ ಓಟಗಾರರು, ಸ್ಕೀ ಮಾಡುವವರು, ದೋಣಿ ಹುಟ್ಟು ಹಾಕುವವರು ಹೇಗೆ ತಯಾರಾಗುತ್ತಾರೆ ಅಂತ ನೋಡಿದಾಗ ಕಂಡದ್ದು, ಹತ್ತರಲ್ಲಿ ಸುಮಾರು ಎಂಟು ದಿನದ ಅಭ್ಯಾಸ ಆರಾಮದ್ದು, ಎರಡು ಮಾತ್ರ ಕಷ್ಟದ್ದು.

ಹಾಗಾಗಿ ವಾರಕ್ಕೆ ಮೂರು ದಿನ ಅರ್ಧ ಗಂಟೆಯಿಂದ ನಲವತ್ತು ನಿಮಿಷ ಆರಾಮ ಓಟ. ಆರಾಮ ಅಂದರೆ ಪಕ್ಕದವರ ಜೊತೆ ತುಳುವಿನಲ್ಲೋ ಮಲಯಾಳದಲ್ಲೋ ಪೂರ್ತಿ ವಾಕ್ಯ ಮಾತಾಡುವಷ್ಟು. ಮಾತು ಅರ್ಧಕ್ಕೆ ತುಂಡಾದರೆ ವೇಗ ಇಳಿಸಿ, ನಡೆಯಬೇಕಾಗಿ ಬಂದರೂ ಪರವಾಗಿಲ್ಲ. ಒಂದು ದಿನ ಜೋರು ಓಟ: ಮೊದಲ ಎರಡು ಮೂರು ವಾರ 200 ಮೀಟರ್ 46 ಸೆಕೆಂಡಿನಲ್ಲಿ, ಒಂದೂವರೆ ನಿಮಿಷ ನಡೆದಾಡಿ ಮತ್ತೆ, ಹೀಗೆ ಎಂಟು ಸಲ. ಅದು ಹಗುರ ಅನಿಸಿದ ಮೇಲೆ 300 ಮೀಟರ್ 69 ಸೆಕೆಂಡಿನಲ್ಲಿ ಐದಾರು ಸಲ, ಆಮೇಲೆ 400 ಮೀಟರ್ 92ರಲ್ಲಿ ನಾಲ್ಕೈದು ಸಲ. ವೇಗ ಬದಲಾಗುವುದಿಲ್ಲ, ದೂರ ಮಾತ್ರ ಬೆಳೆಯುತ್ತದೆ. 40ರಲ್ಲಿ ಓಡಲು ಆಗುತ್ತದೆ ಅಂತ 200ನ್ನು 40ರಲ್ಲಿ ಓಡಬೇಡಿ. ಪೂರ್ತಿ 1500 ಮೂರು ನಾಲ್ಕು ವಾರಕ್ಕೊಮ್ಮೆ ಸಾಕು.

ಇನ್ನೊಂದು, ಮೈದಾನ ಅಳೆದಿದ್ದೀರಾ? ನಮ್ಮ ಕಡೆ ಶಾಲೆ ಮೈದಾನದಲ್ಲಿ 200 ಮೀಟರ್ ಸುತ್ತು ಸಿಕ್ಕಿದರೆ ದೊಡ್ಡದು. ಟೇಪ್ ಹಿಡಿದು ಅಳೆಯಿರಿ, ಸುಣ್ಣದ ಗೆರೆ ಎಳೆಯಿರಿ. ಗೆರೆಯಿಂದ ಒಂದು ಮೀಟರ್ ಹೊರಗೆ ಓಡಿದರೆ ಪ್ರತಿ ಸುತ್ತಿಗೆ ಆರು ಮೀಟರಿಗಿಂತ ಜಾಸ್ತಿ ಸೇರುತ್ತದೆ. 200ರ ಮೈದಾನದಲ್ಲಿ ಏಳೂವರೆ ಸುತ್ತು, ಅಂದರೆ ಸುಮಾರು 47 ಮೀಟರ್ ಪುಕ್ಕಟೆ ಓಟ. ನಿಮ್ಮ ವೇಗಕ್ಕೆ ಅದು 12 ಸೆಕೆಂಡ್! ನೀವು ಕೊರಗುತ್ತಿರುವ 31 ಸೆಕೆಂಡಿನಲ್ಲಿ ಒಂದು ಪಾಲು ಅಲ್ಲೇ ಬಿದ್ದಿರಬಹುದು.

ಈಗ ಪುಲ್ ಅಪ್. ನಾಲ್ಕರಿಂದ ಎಂಟಕ್ಕೆ ಹೋಗಲು ತೋಳು ದಪ್ಪ ಆಗಬೇಕು ಅಂತಿಲ್ಲ. ಶುರುವಿನ ವಾರಗಳಲ್ಲಿ ಬಲ ಹೆಚ್ಚುವುದು ಬಹುಪಾಲು ನರಗಳಿಂದ. ಇರುವ ಸ್ನಾಯುವನ್ನೇ ಮೆದುಳು ಇನ್ನೂ ಚೆನ್ನಾಗಿ ಎಬ್ಬಿಸಲು ಕಲಿಯುತ್ತದೆ. ಸುಸ್ತಾದ ಕೈಯಲ್ಲಿ, ಕಾಲು ಒದ್ದುಕೊಂಡು ಮಾಡಿದರೆ ಅದು ಒದ್ದುಕೊಂಡು ಮಾಡುವುದನ್ನೇ ಕಲಿಯುತ್ತದೆ. ನಾಲ್ಕು ಆಗುತ್ತದೆ ಅಲ್ವಾ? ಎರಡೇ ಮಾಡಿ, ಇಳಿಯಿರಿ. ಎರಡು ಮೂರು ನಿಮಿಷ ಕೂತುಕೊಳ್ಳಿ. ಮತ್ತೆ ಎರಡು. ಹೀಗೆ ಏಳೆಂಟು ಸಲ. ಒಟ್ಟು ಹದಿನಾಲ್ಕರಿಂದ ಹದಿನಾರು ಶುದ್ಧ ಪುಲ್ ಅಪ್ ಆಯಿತು. ಕೊನೆಗೆ ಬೆಂಚ್ ಮೇಲೆ ನಿಂತು ಗಲ್ಲವನ್ನು ಬಾರ್ ಮೇಲಿಟ್ಟು, ಐದು ಸೆಕೆಂಡ್ ತೆಗೆದುಕೊಂಡು ನಿಧಾನ ಕೆಳಗಿಳಿಯಿರಿ. ಮೂರು ಸಲ ಸಾಕು. ಎತ್ತುವುದಕ್ಕಿಂತ ಇಳಿಸುವಾಗ ಸ್ನಾಯು ಜಾಸ್ತಿ ಭಾರ ತಡೆಯುತ್ತದೆ, ಅದಕ್ಕೆ ಈ ಉಪಾಯ. ಮೊದಲ ವಾರ ಮೈಕೈ ನೋವು ಬರುತ್ತದೆ, ಎರಡನೇ ದಿನ ಜಾಸ್ತಿ ಇರುತ್ತದೆ, ಹೆದರಬೇಡಿ. ವಾರಕ್ಕೆ ಮೂರು ದಿನ ಮಾಡಿ, ನಡುವೆ ಒಂದು ದಿನ ಬಿಡಿ. ಕೈ ಪೂರ್ತಿ ನೆಟ್ಟಗಾಗಿ, ಗಲ್ಲ ಬಾರ್ ದಾಟಿದ್ದನ್ನು ಮಾತ್ರ ಎಣಿಸಿ. ಗೆಳೆಯರು ಎಣಿಸುವಾಗ ಎಂಟು ಆಗುವುದು ಬೇರೆ, ಅಧಿಕಾರಿ ಎಣಿಸುವಾಗ ಆಗುವುದು ಬೇರೆ.

ಓಡಿದ ಕೂಡಲೇ ಬಾರ್‌ಗೆ ಹೋಗಬೇಡಿ. ಬೆಳಗ್ಗೆ ಓಟ, ಸಂಜೆ ಬಾರ್. ಆಗದಿದ್ದರೆ ಬೇರೆ ಬೇರೆ ದಿನ.

ಪ್ರಶ್ನೆ (ಪೆರ್ಲದಿಂದ): ಸರ್, ಓಟ ಮತ್ತು ಬಲ ಎರಡನ್ನೂ ಒಟ್ಟಿಗೆ ಮಾಡಿದರೆ ಒಂದನ್ನೊಂದು ತಿನ್ನುತ್ತದೆ ಅಂತ ಜಿಮ್ಮಿನಲ್ಲಿ ಹೇಳುತ್ತಾರೆ. ಓಡಿದರೆ ಮಸಲ್ ಎಲ್ಲ ಹೋಗುತ್ತದಂತೆ. ಸತ್ಯವಾ?

ಉತ್ತರ: ಅರ್ಧ ಸತ್ಯ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದ ಮಾತು ಇದು. ಹತ್ತು ವಾರ, ಮೂರು ಗುಂಪು. ಒಂದಕ್ಕೆ ಬಲದ ಅಭ್ಯಾಸ ಮಾತ್ರ, ಒಂದಕ್ಕೆ ದಮ್ಮಿನ ಅಭ್ಯಾಸ ಮಾತ್ರ, ಮೂರನೆಯದಕ್ಕೆ ಎರಡೂ. ಎರಡೂ ಮಾಡಿದವರ ಬಲ ಏಳೆಂಟು ವಾರ ಏರಿ, ಆಮೇಲೆ ನಿಂತು, ಕೊನೆಗೆ ಇಳಿಯಿತು. ಆದರೆ ಅವರ ಪಾಡು ನೋಡಿ: ವಾರಕ್ಕೆ ಐದು ದಿನ ಭಾರ, ಆರು ದಿನ ಓಟ ಮತ್ತು ಸೈಕಲ್, ಎಲ್ಲ ಜೋರು. ಯಾರ ಮೈ ತಡೆದೀತು? ಅದೇ ಪ್ರಯೋಗದಲ್ಲಿ ದಮ್ಮು ಮಾತ್ರ ಎರಡೂ ಮಾಡಿದವರಿಗೂ ಚೆನ್ನಾಗಿಯೇ ಏರಿತ್ತು, ಅದನ್ನು ಜಿಮ್ಮಿನಲ್ಲಿ ಯಾರೂ ಹೇಳುವುದಿಲ್ಲ. ವಾರಕ್ಕೆ ಮೂರು ದಿನ ಬಲದ ಅಭ್ಯಾಸ, ಮೂರು ನಾಲ್ಕು ದಿನ ಓಟ, ನಡುವೆ ಆರು ಗಂಟೆ ಬಿಡುವು, ಹೊಟ್ಟೆ ತುಂಬ ಊಟ ಇದ್ದರೆ ನಿಮ್ಮಂಥವರಿಗೆ ಈ ತಲೆಬಿಸಿ ಬೇಡ. ಓಡುವವರಿಗೆ ಭಾರದ ಸ್ಕ್ವಾಟ್‌ನಿಂದ, ಅಂದರೆ ಭಾರ ಹೊತ್ತು ಕೂತು ಏಳುವುದರಿಂದ, ಲಾಭವೇ ಇದೆ, ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಸಾಕಾಗುತ್ತದೆ.

ಪ್ರಶ್ನೆ (ಮಂಜೇಶ್ವರದಿಂದ): ನಾವು ನಾಲ್ಕು ಜನ ಕಣ್ವತೀರ್ಥದಲ್ಲಿ ಬೀಚ್ ಮೇಲೆ ಓಡುತ್ತೇವೆ. ಮರಳಿನಲ್ಲಿ ಓಡಿದರೆ ಸ್ಟ್ಯಾಮಿನಾ ಡಬಲ್ ಅಂತಾರೆ. ಆದರೆ ನನಗೆ ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯುತ್ತದೆ.

ಉತ್ತರ: ಸ್ಟ್ಯಾಮಿನಾ ಡಬಲ್ ಅಲ್ಲ, ಖರ್ಚು ಜಾಸ್ತಿ. ಮೆತ್ತನೆ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟು ಶಕ್ತಿ ಬೇಕು, ಯಾಕೆಂದರೆ ಕಾಲು ಹೂತು ಜಾರುತ್ತದೆ. ನಿಮ್ಮ ಟೆಸ್ಟ್ ಇರುವುದು ಗಟ್ಟಿ ನೆಲದಲ್ಲಿ. ಮರಳಿನಲ್ಲಿ ವಾರಕ್ಕೊಮ್ಮೆ ಓಡಿದರೆ ಸಾಕು. ನೀರಿನ ಅಂಚಿನ ಗಟ್ಟಿ ಮರಳು ಒಳ್ಳೆಯದು ಅನಿಸುತ್ತದೆ, ಆದರೆ ಅದು ಸಮುದ್ರದ ಕಡೆಗೆ ಓರೆ. ಒಂದೇ ದಿಕ್ಕಿಗೆ ಓಡುತ್ತಾ ಹೋದರೆ ಒಂದು ಕಾಲಿಗೆ ಮಾತ್ರ ಪೆಟ್ಟು. ಹೋದಷ್ಟೇ ದೂರ ಅದೇ ಅಂಚಿನಲ್ಲಿ ವಾಪಸ್ ಬನ್ನಿ.

ನೋವಿನ ವಿಷಯ: ಬೆರಳಿನಿಂದ ಎಲುಬನ್ನು ಉದ್ದಕ್ಕೆ ಒತ್ತಿ ನೋಡಿ. ಅಂಗೈಯಷ್ಟು ಉದ್ದಕ್ಕೆ ನೋವು ಹರಡಿದ್ದರೆ, ಓಡುತ್ತಾ ಬಿಸಿಯಾದ ಮೇಲೆ ಕಡಿಮೆಯಾದರೆ, ಓಟ ಅರ್ಧಕ್ಕೆ ಇಳಿಸಿ, ಮೀನಖಂಡಕ್ಕೆ ಬಲ ಕೊಡಿ. ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಅಷ್ಟೇ. ಆದರೆ ನೋವು ಒಂದೇ ಬಿಂದುವಿನಲ್ಲಿ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಓಟ ನಿಲ್ಲಿಸಿ ಎಲುಬಿನ ಡಾಕ್ಟರನ್ನು ನೋಡಿ. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು, ಅದು ಶುರುವಿನ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ದಮ್ಮು ವಾರಗಳಲ್ಲಿ ಬೆಳೆಯುತ್ತದೆ, ಎಲುಬು ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ದಮ್ಮು ಬಂತು ಅಂತ ಒಮ್ಮೆಲೇ ದೂರ ಹೆಚ್ಚಿಸುವವರೇ ಈ ಪ್ರಶ್ನೆ ಕೇಳುವುದು.

ಪ್ರಶ್ನೆ (ಮುಳ್ಳೇರಿಯಾದಿಂದ): ಸರ್, ನಾನು ಮಹಿಳಾ ಕಾನ್‌ಸ್ಟೇಬಲ್‌ಗೆ ತಯಾರಾಗುತ್ತಿದ್ದೇನೆ. ನೀವು ಹೇಳಿದಂತೆ ನಿಧಾನವೇ ಓಡುತ್ತೇನೆ, ಆದರೂ ಎರಡು ಸುತ್ತಿಗೆ ಏದುಸಿರು. ತಲೆ ಸುತ್ತಿದಂತೆ ಆಗುತ್ತದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.4 ಬಂದಿದೆ. ಅಮ್ಮ ಓಟ ಬಿಡು ಅಂತಿದ್ದಾರೆ.

ಉತ್ತರ: ಅಮ್ಮ ಹೇಳಿದ್ದರಲ್ಲಿ ಅರ್ಥ ಇದೆ. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್, ಅದೇ ಕಡಿಮೆ ಇರುವಾಗ ನಾನು ಎಂಥ ವೇಳಾಪಟ್ಟಿ ಕೊಟ್ಟರೂ ಉಪಯೋಗ ಇಲ್ಲ. ಡಾಕ್ಟರ ಹತ್ತಿರ ಹೋಗಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಕೂಡ ನೋಡಬೇಕಾ ಅಂತ ಕೇಳಿ. ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾ, ಕಾಫಿ ಜೊತೆ ಬೇಡ, ಊಟದ ಜೊತೆಗೂ ಚಹಾ ಬೇಡ, ಅದು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ನಿಂಬೆ, ನೆಲ್ಲಿಕಾಯಿ, ಪೇರಳೆ ಇದ್ದರೆ ಚೆನ್ನಾಗಿ ಹತ್ತುತ್ತದೆ. ಅಲ್ಲಿಯವರೆಗೆ ಓಟ ಬಿಟ್ಟು ನಡಿಗೆ ಮಾಡಿ. ಶಾಟ್‌ಪುಟ್ ಎಸೆಯುವ ಕ್ರಮ, ಸ್ಕಿಪ್ಪಿಂಗಿನ ಕೈಚಳಕ ಕಲಿಯಲು ಇದೇ ಸಮಯ, ಡಾಕ್ಟರು ಬೇಡ ಅನ್ನದಿದ್ದರೆ. ಹುಷಾರಾದ ಮೇಲೆ ನಿಮ್ಮ ದಮ್ಮು ಎಷ್ಟು ಬೇಗ ಏರುತ್ತದೆ ನೋಡಿ.

ಪ್ರಶ್ನೆ (ಬದಿಯಡ್ಕದಿಂದ): ಪ್ರೋಟೀನ್ ಪೌಡರ್ ಬೇಕಾ? ಡಬ್ಬಕ್ಕೆ ಮೂರು ಸಾವಿರ ಹೇಳುತ್ತಾರೆ. ಕ್ರಿಯಾಟಿನ್?

ಉತ್ತರ: ಕಿಲೋ ತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಸಿಕ್ಕಿದರೆ ಬಲದ ಅಭ್ಯಾಸಕ್ಕೆ ಸಾಕು. 60 ಕಿಲೋದವರಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ 19ರ ಆಸುಪಾಸು, 100 ಗ್ರಾಂ ಒಣ ಹೆಸರುಕಾಳಿನಲ್ಲಿ 24. ಮೀನು ತಿನ್ನುವವರಿಗೆ ಕರಾವಳಿಯಲ್ಲಿ ಡಬ್ಬ ಯಾಕೆ? ಮೀನು, ಮೊಟ್ಟೆ ಮುಟ್ಟದವರಿಗೆ ಸ್ವಲ್ಪ ಕಷ್ಟ: ಕಾಳು, ಮೊಸರು, ನೆಲಗಡಲೆ ಜಾಸ್ತಿ ಮಾಡಿ, ಸಾಲದಿದ್ದರೆ ಆಗ ಪೌಡರ್ ನೋಡಿ. ಕ್ರಿಯಾಟಿನ್ ಅಂದರೆ ಬಲ ಹೆಚ್ಚಿಸಲು ತೆಗೆದುಕೊಳ್ಳುವ ಪುಡಿ, ಅದು ಕೆಲಸ ಮಾಡುತ್ತದೆ, ದಿನಕ್ಕೆ 3ರಿಂದ 5 ಗ್ರಾಂ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಬೇಡ. ಆದರೆ ಸ್ನಾಯುವಿನಲ್ಲಿ ನೀರು ಹಿಡಿದು ಒಂದು ಕಿಲೋ ತೂಕ ಏರಬಹುದು. ಆ ಕಿಲೋವನ್ನು ಎಂಟು ಸಲ ಬಾರ್ ಮೇಲಕ್ಕೆ ಎಳೆಯಬೇಕಾದವರು ನೀವೇ.

ಪ್ರಶ್ನೆ (ಕುಂಬಳೆಯಿಂದ): ಓಣಂಗೆ ಕ್ಲಬ್ಬಿನ ಹಗ್ಗಜಗ್ಗಾಟ ಇದೆ. ಎರಡನೇ ಎಳೆತಕ್ಕೆ ಕೈ ಬಿಟ್ಟುಹೋಗುತ್ತದೆ ಮಾಷ್ಟ್ರೇ, ಏನು ಮಾಡೋಣ?

ಉತ್ತರ: ಕೈ ಮಡಚಿ ಎಳೆಯುತ್ತಿದ್ದೀರಿ, ಅದಕ್ಕೆ. ತೋಳು ನೆಟ್ಟಗಿರಲಿ, ತೊಡೆ ಮತ್ತು ಬೆನ್ನು ಎಳೆಯಲಿ. ಹಿಡಿತಕ್ಕೆ ಅದೇ ದಪ್ಪದ ಹಗ್ಗವನ್ನು ಮರಕ್ಕೆ ಹಾಕಿ ಇಪ್ಪತ್ತು ಮೂವತ್ತು ಸೆಕೆಂಡ್ ನೇತಾಡಿ, ಒಂದು ನಿಮಿಷ ಬಿಟ್ಟು ಮತ್ತೆ. ಅಲುಗಾಡದೆ ಹಿಡಿಯುವ ಬಲ ಯಾವ ಕೋನದಲ್ಲಿ ಅಭ್ಯಾಸ ಮಾಡುತ್ತೀರೋ ಮುಖ್ಯವಾಗಿ ಅದೇ ಕೋನದಲ್ಲಿ ಬೆಳೆಯುತ್ತದೆ, ಹಾಗಾಗಿ ಒರಗಿ ನಿಲ್ಲುವ ಭಂಗಿಯಲ್ಲೇ ಎಂಟು ಜನ ಒಟ್ಟಿಗೆ ಮಾಡಿ.

ಪ್ರಶ್ನೆ (ಪ್ಲಸ್ ಟು ವಿದ್ಯಾರ್ಥಿ, ಅಡೂರಿನಿಂದ): ಸರ್, ನನಗೆ ಇನ್ನು ಎರಡು ವಾರಕ್ಕೆ ಜಿಲ್ಲಾ ಮಟ್ಟದ 1500 ಇದೆ. ಈಗ ಪ್ರ್ಯಾಕ್ಟೀಸ್ ಕಡಿಮೆ ಮಾಡಿದರೆ ಸ್ಟ್ಯಾಮಿನಾ ಇಳಿಯುವುದಿಲ್ವಾ? ಇಲ್ಲಿ ಮಳೆ ಬೇರೆ, ಮೈದಾನದಲ್ಲಿ ಕೆಸರು.

ಉತ್ತರ: ಇಳಿಯುವುದಿಲ್ಲ ಮಗಾ. ದೂರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸು, ವೇಗ ಇಳಿಸಬೇಡ. ಎಂಟು 200 ಓಡುತ್ತಿದ್ದರೆ ನಾಲ್ಕೇ ಓಡು, ಅದೇ ಸಮಯದಲ್ಲಿ. ಸುಸ್ತು ಹೋಗುತ್ತದೆ, ಗಳಿಸಿದ್ದು ಉಳಿಯುತ್ತದೆ. ಕೆಸರಿನಲ್ಲಿ ಸ್ಪೀಡ್ ಬೇಡ, ಕಾಲು ಉಳುಕಿದರೆ ಎಲ್ಲ ಮುಗಿಯಿತು. ಮಳೆ ಬಿಟ್ಟಾಗ ವಾಹನ ಕಡಿಮೆ ಇರುವ ಡಾಂಬರು ರಸ್ತೆಯಲ್ಲಿ ಸಮತಟ್ಟಾದ ಕಡೆ 200 ಮೀಟರ್ ಅಳೆದು ಗುರುತು ಹಾಕಿಕೋ, ಯಾರಾದರೂ ದೊಡ್ಡವರು ಜೊತೆಗಿರಲಿ. ಮಳೆ ಬಿಡದಿದ್ದರೆ ಮನೆಯ ಜಗಲಿಯಲ್ಲಿ ಸ್ಕಿಪ್ಪಿಂಗ್ ಮಾಡು, ಒಂದು ನಿಮಿಷ ಜೋರು, ಒಂದು ನಿಮಿಷ ವಿರಾಮ. ಓಟದ ದಿನ ಎರಡು ಮೂರು ಗಂಟೆ ಮೊದಲು ಹಗುರ ತಿಂಡಿ ತಿನ್ನು. ಮೊದಲ ಸುತ್ತಿನಲ್ಲಿ ಯಾರ ಹಿಂದೆಯೂ ಓಡಿಹೋಗಬೇಡ. ಮೊದಲ 200 ಎಷ್ಟರಲ್ಲಿ ದಾಟಬೇಕು ಅಂತ ಈಗಲೇ ಲೆಕ್ಕ ಹಾಕಿ, ಗೆರೆ ಪಕ್ಕ ಗೆಳೆಯನನ್ನು ವಾಚು ಕೊಟ್ಟು ನಿಲ್ಲಿಸು, ಕೂಗಿ ಹೇಳಲಿ. ನಿನ್ನ ಈಗಿನ ಟೈಮ್ ಎಷ್ಟು ಅಂತ ಬರೆದೇ ಇಲ್ಲ, ಇಲ್ಲೇ ಕೆಳಗೆ ಹಾಕು, ಲೆಕ್ಕ ಮಾಡಿ ಹೇಳುತ್ತೇನೆ.