ಸಹಾಯ ಬೇಕು: ಕೆರೆ ನೀರಿನ ಡಿಎನ್‌ಎಯಲ್ಲಿ ಫೇಜ್ ಹುಡುಕೋದು ಹೇಗೆ?

ನಮಸ್ಕಾರ, ಕೋಲಾರದಿಂದ ಬರೆಯುತ್ತಿದ್ದೇನೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ಕೆ.ಸಿ. ವ್ಯಾಲಿ ನೀರು ಬರುವ ಕೆರೆಯೊಂದರಿಂದ ಎರಡು ಬಾಟಲಿ ನೀರು ತಂದು ಡಿಎನ್‌ಎ ಸೀಕ್ವೆನ್ಸ್ ಮಾಡಿಸಿದ್ದೇವೆ. ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ಬಿಡೋದು ಅಲ್ವಾ, ಬ್ಯಾಕ್ಟೀರಿಯಾ ಇದ್ದಲ್ಲಿ ಅವಕ್ಕೆ ಅಂಟುವ ಫೇಜ್ ವೈರಸ್‌ಗಳೂ ಇರಲೇಬೇಕು ಅನ್ನೋದು ನಮ್ಮ ಲೆಕ್ಕ.

ಸೀಕ್ವೆನ್ಸ್‌ನ ಚೂರುಗಳನ್ನು ಮೆಗಾಹಿಟ್ ಸಾಫ್ಟ್‌ವೇರ್‌ನಲ್ಲಿ ಜೋಡಿಸಿ, ಬಂದ ಉದ್ದ ತುಣುಕುಗಳನ್ನು (ಕಾಂಟಿಗ್) ವೈರಸ್ ಗುರುತಿಸುವ ವೈರ್‌ಸಾರ್ಟರ್2ಗೆ ಕೊಟ್ಟೆ. ಅದು ವೈರಸ್ ಅಂದ ತುಣುಕುಗಳಲ್ಲಿ ಅರ್ಧದಷ್ಟನ್ನು ಅದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಜೀನೋಮ್ಯಾಡ್ ಒಪ್ಪುತ್ತಿಲ್ಲ, ಕೆಲವನ್ನಂತೂ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಬಿಡಿ ಡಿಎನ್‌ಎ) ಅನ್ನುತ್ತಿದೆ. ಯಾರನ್ನು ನಂಬೋದು? ಒಂದು ಕಾಂಟಿಗ್ 41 ಸಾವಿರ ಬೇಸ್ ಉದ್ದ ಇದೆ, ಒಂದು ಕಡೆ ಇಂಟಿಗ್ರೇಸ್, ಟರ್ಮಿನೇಸ್, ಬಾಲದ ಪ್ರೋಟೀನ್ ಹೀಗೆ ಫೇಜ್‌ಗಳಲ್ಲಿ ಕಾಣುವ ಜೀನ್‌ಗಳೆಲ್ಲ ಸಾಲಾಗಿ ಕೂತಿವೆ, ಇನ್ನೊಂದು ಕಡೆ ಬರೀ ಬ್ಯಾಕ್ಟೀರಿಯಾದ ಜೀನ್‌ಗಳು. ಪ್ರೊಫೇಜ್ (ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಸೇರಿಕೊಂಡ ಫೇಜ್) ಇರಬೇಕು ಅಂತ ನನ್ನ ಗುಮಾನಿ. ಚೆಕ್‌ವಿ ಅನ್ನೋ ಸಾಫ್ಟ್‌ವೇರ್ ಆ ಬ್ಯಾಕ್ಟೀರಿಯಾ ಭಾಗ ಕತ್ತರಿಸಿ, ವೈರಸ್ ಎಷ್ಟು ಪೂರ್ತಿ ಇದೆ ಅಂತಲೂ ಹೇಳುತ್ತದೆ. ಆದರೆ ಅದರ ಡೇಟಾಬೇಸ್ ಇಳಿಸುವಾಗ ಮನೆ ನೆಟ್ ಮೂರು ಸಲ ಕೈಕೊಟ್ಟಿತು.

5 ಸಾವಿರ ಬೇಸ್‌ಗಿಂತ ಚಿಕ್ಕವನ್ನು ಬಿಟ್ಟುಬಿಡಲಾ? ವೈರ್‌ಸಾರ್ಟರ್2, ಜೀನೋಮ್ಯಾಡ್ ಎರಡೂ ಒಪ್ಪಿದ್ದನ್ನಷ್ಟೇ ಇಟ್ಟುಕೊಂಡರೆ ಹೊಸ ಫೇಜ್ ತಪ್ಪಿಹೋಗಲ್ವಾ? ನನ್ನದು 8 ಜಿಬಿ ಲ್ಯಾಪ್‌ಟಾಪ್, ಅದನ್ನೂ ಗಮನದಲ್ಲಿಟ್ಟು ಹೇಳಿ. ಕೆರೆ ನೀರಿನಲ್ಲಿ ಇದನ್ನು ಮಾಡಿದವರು ಯಾರಾದರೂ ಇದ್ದರೆ ಪ್ಲೀಸ್, ಮುಂದಿನ ವಾರ ಗೈಡ್‌ಗೆ ತೋರಿಸಬೇಕು.