ಎಟಿಆರ್‌ಗೆ ಸೇರಲೋ, ಎ320ಗೆ ಕಾಯಲೋ? ಮೊದಲ ಕೆಲಸದ ಆಯ್ಕೆ, ಬಲ್ಲವರ ಮಾತು

ಪ್ರಶ್ನೆ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್), ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಮುಗಿದಿದೆ. ಒಟ್ಟು 220 ಗಂಟೆ ಹಾರಿದ್ದೇನೆ. ಕೈಯಲ್ಲಿ ಮೂರು ಆಫರ್ ಇವೆ. ಒಂದು, ಪ್ರಾದೇಶಿಕ ಕಂಪನಿಯ ಎಟಿಆರ್ 72 (ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ವಿಮಾನ): ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಖರ್ಚು ಅವರದು, 36 ತಿಂಗಳ ಬಾಂಡ್ (ಅಷ್ಟರೊಳಗೆ ಬಿಟ್ಟರೆ ದುಡ್ಡು ಕಟ್ಟಿಕೊಡುವ ಒಪ್ಪಂದ), ಮುಂದಿನ ತಿಂಗಳೇ ಗ್ರೌಂಡ್ ಕ್ಲಾಸ್. ಎರಡು, ದೊಡ್ಡ ಕಂಪನಿಯ ಎ320 ಜೆಟ್: ಟೈಪ್ ರೇಟಿಂಗ್ ನನ್ನ ದುಡ್ಡಲ್ಲಿ, ಬಾಂಡ್ ಇಲ್ಲ, ಸೇರುವ ದಿನಾಂಕ 'ಆಮೇಲೆ ತಿಳಿಸುತ್ತೇವೆ'. ಮೂರು, ಚಾರ್ಟರ್ ಕಂಪನಿಯಲ್ಲಿ ಸೆಸ್ನಾ ಕ್ಯಾರವಾನ್ ಎಂಬ ಸಣ್ಣ ವಿಮಾನದ ಬಲಗಡೆ ಸೀಟು, ಅಂದರೆ ಕೋ-ಪೈಲಟ್ ಜಾಗ. ಯಾವುದು ಸರಿ?

ಲೈನ್ ಟ್ರೈನಿಂಗ್ ಕ್ಯಾಪ್ಟನ್, ಟರ್ಬೊಪ್ರಾಪ್:
ಎರಡನೆಯದನ್ನು ಆಫರ್ ಅಂತ ಎಣಿಸಲೇಬೇಡಿ. ದಿನಾಂಕ ಇಲ್ಲದ ಪತ್ರ ಅಂದರೆ ಕಾಯುವವರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಅಷ್ಟೆ. ಸ್ವಂತ ದುಡ್ಡಿನಲ್ಲಿ ಟೈಪ್ ರೇಟಿಂಗ್ ಮುಗಿಸಿ ಕಾಯುತ್ತಾ ಕೂತರೆ ಅದು ಹಳಸುತ್ತದೆ. 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಇಲ್ಲದಿದ್ದರೆ ರೀಸೆನ್ಸಿ, ಅಂದರೆ ಇತ್ತೀಚೆಗೆ ಹಾರಿಸಿದ್ದರಿಂದ ಉಳಿಯುವ ಅರ್ಹತೆ, ಹೋಯಿತು. ಮತ್ತೆ ಸಿಮ್ಯುಲೇಟರ್, ಮತ್ತೆ ಖರ್ಚು. ರೇಟಿಂಗ್ ಇದ್ದೂ ಆ ವಿಮಾನದಲ್ಲಿ ಒಂದು ಗಂಟೆಯೂ ಹಾರದವರನ್ನು ಬೇರೆ ಕಂಪನಿಗಳು ಹೊಸಬರಂತೆಯೇ ನೋಡುತ್ತವೆ.

ಲ್ಯಾಂಡಿಂಗ್ ಲೆಕ್ಕ ಹಾಕಿ. ಎಟಿಆರ್‌ನಲ್ಲಿ ತಿಂಗಳಿಗೆ 60 ಗಂಟೆ, 50 ನಿಮಿಷದ ಸೆಕ್ಟರ್ (ಒಂದು ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗಿನ ಹಾರಾಟ) ಅಂದರೆ 72 ಸೆಕ್ಟರ್. ಅರ್ಧ ಕ್ಯಾಪ್ಟನ್‌ಗೆ ಹೋದರೂ 36 ನಿಮ್ಮವು. ಅದೇ 60 ಗಂಟೆಯನ್ನು 3 ಗಂಟೆಯ ಸೆಕ್ಟರ್‌ಗಳಲ್ಲಿ ಹಾರಿದರೆ ನಿಮ್ಮ ಪಾಲಿಗೆ 10. ಅಡ್ಡಗಾಳಿ, ಚಿಕ್ಕ ರನ್‌ವೇ, ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೊ ವ್ಯವಸ್ಥೆ) ಇಲ್ಲದ ಅಪ್ರೋಚ್, ಇವು ಕೈಗೆ ಹತ್ತುವುದು ಮೊದಲ ಎರಡು ವರ್ಷದಲ್ಲೇ.

ಒಂದು ವಿಷಯ ಮಾತ್ರ ಕಂಪನಿಗೆ ಕೇಳಿ: ರಾತ್ರಿ ಹಾರಾಟ ಎಷ್ಟಿದೆ? ಎಟಿಪಿಎಲ್‌ಗೆ (ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಕೇಳುವ 1500 ಗಂಟೆಯಲ್ಲಿ 100 ಗಂಟೆ ರಾತ್ರಿಯದಿರಬೇಕು. ರಾತ್ರಿ ದೀಪವಿಲ್ಲದ ಸಣ್ಣ ನಿಲ್ದಾಣಗಳಿಗೇ ಹಾರುವ ಕಂಪನಿಯಾದರೆ ಒಟ್ಟು ಗಂಟೆ ತುಂಬಿದರೂ ಇದೊಂದು ಬಾಕಿ ಉಳಿದು ಕಮಾಂಡ್, ಅಂದರೆ ಕ್ಯಾಪ್ಟನ್ ಆಗುವುದು, ತಡವಾಗುತ್ತದೆ.

ಎಕ್ಸಾಮಿನರ್:
ಕ್ಯಾರವಾನ್ ಬಗ್ಗೆ ಹುಷಾರು. ಅದು ಒಬ್ಬನೇ ಪೈಲಟ್‌ಗೆ ಸರ್ಟಿಫೈ ಆದ ವಿಮಾನ. ನಿಯಂತ್ರಕರು ಕೋ-ಪೈಲಟ್ ಕಡ್ಡಾಯ ಮಾಡಿದ್ದರೂ ಮೇಲಿನ ದರ್ಜೆಯ ಲೈಸೆನ್ಸ್‌ಗೆ ಆ ಗಂಟೆಗಳಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಶೇ. 50 ಲೆಕ್ಕಕ್ಕೆ ಬರುತ್ತದೆ ಅನ್ನುವುದು ಐಕಾವೊ ಅನೆಕ್ಸ್ 1ರ ನಿಯಮ. ಕಡ್ಡಾಯ ಇಲ್ಲದೆ ಸುಮ್ಮನೆ ಬಲಗಡೆ ಕೂತರೆ ಅದೂ ಸಿಗದಿರಬಹುದು. ಎಟಿಆರ್‌ಗೆ ಕೋ-ಪೈಲಟ್ ಬೇಕೇಬೇಕು, ಗಂಟೆ ಪೂರ್ತಿ ಎಣಿಕೆಗೆ ಬರುತ್ತದೆ. ಕ್ಯಾರವಾನ್ ಕಂಪನಿ ಇಂತಿಷ್ಟು ಗಂಟೆ ಆದ ಮೇಲೆ ಎಡಗಡೆ ಸೀಟು ಅಂತ ಬರೆದು ಕೊಟ್ಟರೆ ಕಥೆ ಬೇರೆ; ಆಗ ಸಿಗುವುದು ಪಿಐಸಿ ಗಂಟೆ, ಅಂದರೆ ವಿಮಾನದ ಹೊಣೆ ಹೊತ್ತು ಹಾರಿಸಿದ ಗಂಟೆ, ಅದಕ್ಕೆ ಬೆಲೆ ಇದೆ.

ಎ320 ಫಸ್ಟ್ ಆಫೀಸರ್:
ಮೊದಲನೆಯವರ ಮಾತನ್ನು ಪೂರ್ತಿ ಒಪ್ಪಲಾರೆ. ಕೆಲವು ಕಂಪನಿಗಳು ಅನುಭವಿಗಳನ್ನು ತೆಗೆದುಕೊಳ್ಳುವಾಗ ಜೆಟ್ ಗಂಟೆ ಎಂದೋ, ಇಷ್ಟು ಟನ್‌ಗಿಂತ ಭಾರದ ವಿಮಾನ ಎಂದೋ ಷರತ್ತು ಹಾಕುತ್ತವೆ. ಎಟಿಆರ್ 72 ಸುಮಾರು 23 ಟನ್, ಎ320 ಸುಮಾರು 78. ಮೂರು ವರ್ಷ ಎಟಿಆರ್ ಹಾರಿಸಿದವರು ಇಂಥ ಕಡೆ ಮತ್ತೆ ಸಾಲಿನ ಕೊನೆಗೇ ನಿಲ್ಲಬೇಕಾಗಬಹುದು. ಸೀನಿಯಾರಿಟಿ ಸೇರಿದ ದಿನದಿಂದ ಎಣಿಸುವ ಕಡೆ ಕಮಾಂಡ್, ಬೇಸ್, ರಜೆ ಎಲ್ಲ ಅದರ ಮೇಲೇ ನಿಂತಿರುತ್ತದೆ.

ಹಾಗಂತ ಕುರುಡಾಗಿ ಕಾಯಬೇಡಿ. ಆ ಕಂಪನಿಗೆ ಬರುವ ವಿಮಾನಗಳ ಸಂಖ್ಯೆಯಿಂದ ಲೀಸ್ ಮುಗಿದು ವಾಪಸು ಹೋಗುವವನ್ನು ಕಳೆಯಿರಿ. ಒಂದು ಎ320ಗೆ ಸುಮಾರು 5 ಜೋಡಿ ಪೈಲಟ್ (ಕ್ಯಾಪ್ಟನ್ ಮತ್ತು ಕೋ-ಪೈಲಟ್) ಬೇಕು. ಉಳಿದ ಸಂಖ್ಯೆಯನ್ನು 5ರಿಂದ ಗುಣಿಸಿ, ಆಗಲೇ ಕಾಯುತ್ತಿರುವವರ ಜೊತೆ ಹೋಲಿಸಿದರೆ ನಿಮ್ಮ ಸರದಿ ಅಂದಾಜಾಗುತ್ತದೆ. ಸೇರುವ ದಿನಾಂಕ ಬರಹದಲ್ಲಿ ಬರುವ ತನಕ ಟೈಪ್ ರೇಟಿಂಗ್‌ಗೆ ದುಡ್ಡು ಕಟ್ಟಬೇಡಿ.

ಪೈಲಟ್ ಒಪ್ಪಂದಗಳನ್ನು ನೋಡುವ ವಕೀಲೆ:
ಬಾಂಡ್ ಇದ್ದರೆ ಕೆಟ್ಟದ್ದು ಅಂತೇನಿಲ್ಲ, ಒಳಗೆ ಏನು ಬರೆದಿದೆ ನೋಡಿ. ಅವಧಿ ಶುರುವಾಗುವುದು ಸೇರಿದ ದಿನವೋ, ರೇಟಿಂಗ್ ಲೈಸೆನ್ಸ್‌ನಲ್ಲಿ ನಮೂದಾದ ದಿನವೋ, ಲೈನ್ ರಿಲೀಸ್ (ಲೈನ್ ಟ್ರೈನಿಂಗ್, ಅಂದರೆ ಪ್ರಯಾಣಿಕರಿರುವ ಹಾರಾಟದಲ್ಲಿನ ತರಬೇತಿ ಮುಗಿದ) ದಿನವೋ? ಟ್ರೈನರ್‌ಗಳ ಕೊರತೆಯಿಂದ ಲೈನ್ ಟ್ರೈನಿಂಗ್ ಆರು ತಿಂಗಳು ಎಳೆದರೆ 36 ತಿಂಗಳು 42 ಆಗುತ್ತದೆ. ಬಾಂಡ್ ಮೊತ್ತ ಪ್ರತಿ ತಿಂಗಳು 36ರಲ್ಲಿ ಒಂದು ಪಾಲು ಇಳಿಯಬೇಕು. ಕಂಪನಿಯೇ ತೆಗೆದುಹಾಕಿದರೆ, ಕಂಪನಿ ಮುಚ್ಚಿದರೆ, ಕ್ಲಾಸ್ 1 ಮೆಡಿಕಲ್ (ಪೈಲಟ್‌ನ ಆರೋಗ್ಯ ಪ್ರಮಾಣಪತ್ರ) ಹೋದರೆ ಬಾಂಡ್ ರದ್ದು ಅನ್ನುವ ಸಾಲು ಬೇಕು. ಖಾಲಿ ಚೆಕ್, ಮೂಲ ದಾಖಲೆ ಕೇಳಿದರೆ ಕೊಡಬೇಡಿ; ಚೆಕ್ ಕೊಡಲೇಬೇಕಾದರೆ ಮೊತ್ತ ತುಂಬಿ ಕೊಡಿ.

ಸಂಬಳದ ಪುಟದಲ್ಲಿ ಒಂದೇ ಸಂಖ್ಯೆ ಹುಡುಕಿ: ತಿಂಗಳಿಗೆ ಎಷ್ಟು ಬ್ಲಾಕ್ ಗಂಟೆಯ (ವಿಮಾನ ಹೊರಟು ಮತ್ತೆ ನಿಲ್ಲುವ ತನಕದ ಸಮಯ) ಗ್ಯಾರಂಟಿ? ಗ್ಯಾರಂಟಿ ಇಲ್ಲದ ಕಡೆ ಹಾರಾಟ ಇಳಿದ ತಿಂಗಳು ಸಂಬಳವೂ ಇಳಿಯುತ್ತದೆ. ಟ್ರೈನಿಂಗ್ ಅವಧಿಗೆ, ಸ್ಟ್ಯಾಂಡ್‌ಬೈಗೆ, ಡೆಡ್‌ಹೆಡ್‌ಗೆ (ಡ್ಯೂಟಿಗಾಗಿ ಪ್ರಯಾಣಿಕರಾಗಿ ಹೋಗುವುದಕ್ಕೆ) ಏನು ಕೊಡುತ್ತಾರೆ ಅನ್ನುವುದನ್ನೂ ಕೇಳಿ.

ಪ್ರಶ್ನೆ ಕೇಳಿದವರು:
ಬಾಂಡ್ ತೆಗೆದು ನೋಡಿದೆ. ಅವಧಿ ಲೈನ್ ರಿಲೀಸ್‌ನಿಂದ ಅಂತಿದೆ, ಮೊತ್ತ ಇಳಿಯುವ ಮಾತೇ ಇಲ್ಲ. ಕೇಳಿದರೆ ಆಫರ್ ಹಿಂದಕ್ಕೆ ತೆಗೆದುಕೊಂಡಾರೆ?

ಪೈಲಟ್ ಒಪ್ಪಂದಗಳನ್ನು ನೋಡುವ ವಕೀಲೆ:
ಸಹಿಗೆ ಮುಂಚೆ ವಿನಯವಾಗಿ ಕೇಳಿದ್ದಕ್ಕೆ ಯಾರೂ ಸಾಮಾನ್ಯವಾಗಿ ಆಫರ್ ಕಿತ್ತುಕೊಳ್ಳುವುದಿಲ್ಲ. ಫೋನ್ ಬೇಡ, ಇಮೇಲ್ ಮಾಡಿ. ಎರಡೇ ಬದಲಾವಣೆ ಕೇಳಿ: ತಿಂಗಳ ಇಳಿಕೆ, ಮತ್ತು ಲೈನ್ ರಿಲೀಸ್ ಎಷ್ಟೇ ತಡವಾದರೂ ರೇಟಿಂಗ್ ನಮೂದಾದ 4 ತಿಂಗಳಿಗೆ ಬಾಂಡ್ ಅವಧಿ ಶುರು. ಎರಡನೆಯದಕ್ಕೆ ಒಪ್ಪದಿದ್ದರೆ ಬಿಡಿ, ಮೊದಲನೆಯದನ್ನು ಬಿಡಬೇಡಿ. ಉತ್ತರ ಬಂದ ಮೇಲೆ ತಿದ್ದಿದ ಬಾಂಡ್‌ನ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಇರಲಿ, ಒಂದು ಪ್ರತಿ ಅಂದೇ ನಿಮ್ಮ ಕೈಗೆ ಬರಲಿ.